ಕಾರಿನೊಳಗಣ ಗಿಲೀಟು

ಬಳ್ಳಾರಿಗೆ ಸಮೀಪದ ಕೊಳಗಲ್ಲಿನಲ್ಲಿ ನಮ್ಮ ಸೋದರಮಾವನವರಿದ್ದಾರೆ. ಒಕ್ಕಲುತನದ ಮನೆ. ಕಳೆದ ವರ್ಷ ಅವರು ಹದಿನಾಲ್ಕು ವರ್ಷ ಓಡಿದ್ದ ಕಾರೊಂದನ್ನು ಕೊಂಡರು. ಯಂತ್ರಭಾಗವೇನೋ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಒಳಗೆ ಕುಳಿತು ನೋಡಿದರೆ ಬಾಗಿಲ ಹಿಡಿಗಳು, ಗೇರುಕೋಲಿನ ಸುತ್ತಣ ಪಟ್ಟಿ, ಗಾಳಿ ಬರುವ ಕಿಂಡಿಗಳ ಚೌಕಟ್ಟು ಇವುಗಳ ಬೆಳ್ಳಿಯಂಥ ಹೊಳಪು ಅಲ್ಲಲ್ಲಿ ಸವೆದು, ಅಲ್ಲಲ್ಲಿ ಪೊರೆಯೆದ್ದು, ಹುರುಕು ಹತ್ತಿದಂತೆ ತೋರುತ್ತಿತ್ತು. ಮಾವನವರು ಹಿತ್ತಾಳೆಯ ತಂಬಿಗೆಗೆ ಹಚ್ಚುವ ಪಾಲಿಷನ್ನೇ ತಂದು ಕಿಂಡಿಯ ಚೌಕಟ್ಟಿಗೆ ಹಚ್ಚಿ ತಿಕ್ಕಿದರು. ನಾವು ಹೋದ ದಿನ ಅವರ ಮೊದಲ ಮಾತೇ ಅದಾಗಿತ್ತು: “ನೋಡಪ್ಪ, ತಿಕ್ಕಿದಷ್ಟೂ ಕರ್ರಗಾಗಾಕತ್ತೈತಿ!” ಅದೇ ವಾರ ಹಿಂಬಾಗಿಲ ಹಿಡಿಯಲ್ಲಿ ಎದ್ದಿದ್ದ ಸಿಬಿರೊಂದು ಅವರ ಮೊಮ್ಮಗಳ ಬೆರಳನ್ನು ಸೀಳಿತ್ತು. ಚಂದದ ಪ್ರಶ್ನೆಯಾಗಿದ್ದುದು ಆಗ ಗಾಯದ ಪ್ರಶ್ನೆಯೂ ಆಯಿತು.

ಮಾವನವರ ತಪ್ಪು ಹಳೆಯ ಅನುಭವದಿಂದ ಬಂದುದು. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಕಾರನ್ನು ಕಂಡವರಿಗೆ ಕ್ರೋಮಿನ ಹಿಡಿಯೆಂದರೆ ಲೋಹದ ಹಿಡಿ. ಮಂಕಾದರೆ ಉಜ್ಜಬಹುದಾಗಿತ್ತು, ತೀರ ಕೆಟ್ಟರೆ ಬಿಚ್ಚಿ ಕೊಟ್ಟು ಮತ್ತೆ ಕ್ರೋಮು ಮಾಡಿಸಬಹುದಾಗಿತ್ತು. ಮನೆಯ ಪಾತ್ರೆಗೆ ಕಲಾಯಿ ಹಾಕಿಸುವ ಹಾಗೆಯೇ. ಈಗಿನ ಕಾರಿನೊಳಗೆ ಕ್ರೋಮಿನಂತೆ ಹೊಳೆಯುವುದರಲ್ಲಿ ಹೆಚ್ಚಿನದು ಪ್ಲಾಸ್ಟಿಕ್ಕು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಅದರಲ್ಲಿಯೂ ಹಾಲಲ್ಲದವು ಮೂರು ಬಗೆ.

ಮೊದಲನೆಯದು ದಿಟವಾದ ಲೋಹಲೇಪ. ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನಲ್ಲಿ ರಬ್ಬರಿನ ಜಾತಿಯ ಸೂಕ್ಷ್ಮ ಕಣಗಳು ಹರಡಿಕೊಂಡಿರುತ್ತವೆ. ಕ್ರೋಮಿಕ್ ಆಮ್ಲ ಮತ್ತು ಗಂಧಕಾಮ್ಲಗಳ ಬಿಸಿ ಮಿಶ್ರಣದಲ್ಲಿ ಅದನ್ನು ಅದ್ದಿದರೆ ಮೇಲ್ಮೈಯ ಈ ಕಣಗಳು ಕರಗಿಹೋಗಿ ಕಣ್ಣಿಗೆ ಕಾಣದ ಕುಳಿಗಳು ಉಳಿಯುತ್ತವೆ. ಆ ಕುಳಿಗಳಲ್ಲಿ ಲೋಹವು ಬೇರು ಬಿಡುತ್ತದೆ. ಬೇರೂರಲು ಮೊದಲು ಪಲಾಡಿಯಮ್ಮಿನ ಕಣಗಳನ್ನು ಕೂರಿಸಿ, ವಿದ್ಯುತ್ತಿಲ್ಲದೆಯೇ ರಾಸಾಯನಿಕ ಕ್ರಿಯೆಯಿಂದ ನಿಕ್ಕಲ್ಲಿನ ಇಲ್ಲವೆ ತಾಮ್ರದ ತೆಳುಪೊರೆಯನ್ನು ಬರಿಸುತ್ತಾರೆ. ಅಲ್ಲಿಂದ ಮುಂದೆ ಮೇಲ್ಮೈ ವಿದ್ಯುದ್ವಾಹಕವಾಗುವುದರಿಂದ ತಾಮ್ರ, ನಿಕ್ಕಲ್ಲು, ಕಡೆಗೆ ಕ್ರೋಮಿಯಂ ಒಂದರ ಮೇಲೊಂದು ಕೂಡುತ್ತವೆ. ತಾಮ್ರ ಮತ್ತು ನಿಕ್ಕಲ್ಲುಗಳ ದಪ್ಪ ಹತ್ತಿಪ್ಪತ್ತು ಮೈಕ್ರೊಮೀಟರುಗಳ ಲೆಕ್ಕದ್ದು. ಮೈಕ್ರೊಮೀಟರೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹೆಸರು ಹೊತ್ತ ಕ್ರೋಮಿಯಮ್ಮಾದರೋ ಅರ್ಧ ಮೈಕ್ರೊಮೀಟರನ್ನೂ ಸಾಮಾನ್ಯವಾಗಿ ದಾಟುವುದಿಲ್ಲ. ನಮ್ಮ ತಲೆಗೂದಲನ್ನು ಅಡ್ಡವಾಗಿ ನೂರು ಪದರ ಸೀಳಿದರೆ ಒಂದು ಪದರ ಇದಕ್ಕಿಂತ ದಪ್ಪವಿದ್ದೀತು.

ಎರಡನೆಯದು, ನಿರ್ವಾತದಲ್ಲಿ ಅಲ್ಯೂಮಿನಿಯಮ್ಮನ್ನು ಆವಿಯಾಗಿಸಿ ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿ, ಮೇಲೊಂದು ತಿಳಿಯಾದ ಮೆರುಗೆಣ್ಣೆಯನ್ನು ಹೊದಿಸಿದ್ದು. ಅಲ್ಲಿಯ ಲೋಹ ಮೈಕ್ರೊಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ಇದ್ದರೆ ಹೆಚ್ಚು. ಮೂರನೆಯದು ಬರಿಯ ಬೆಳ್ಳಿಬಣ್ಣ. ಅದರಲ್ಲಿ ಅಲ್ಯೂಮಿನಿಯಮ್ಮಿನ ಚಕ್ಕೆಗಳು ತೇಲುತ್ತಿದ್ದು ಒಂದೊಂದು ಒಂದೊಂದು ಕಡೆಗೆ ಬಾಗಿರುವುದರಿಂದ ಬೆಳಕು ಚದರುತ್ತದೆ. ಕನ್ನಡಿಯಾಗಲು ಅದಕ್ಕೆ ಎಂದಿಗೂ ಸಾಧ್ಯವಿಲ್ಲ.

ಮಾವನವರು ತಿಕ್ಕಿದ್ದು ಎರಡನೆಯ ಬಗೆಯನ್ನು. ಲೋಹದ ಪಾಲಿಷಿನಲ್ಲಿರುವುದು ಉಜ್ಜುವ ಪುಡಿ. ಅದು ಮೊದಲು ಮೆರುಗೆಣ್ಣೆಯನ್ನೂ ಮರುಕ್ಷಣ ಅಲ್ಯೂಮಿನಿಯಮ್ಮನ್ನೂ ಒರೆಸಿ ತೆಗೆಯಿತು. ಕರ್ರಗೆ ಕಂಡುದು ಕೊಳೆಯಲ್ಲ, ಹುಟ್ಟುಗಪ್ಪಿನ ಪ್ಲಾಸ್ಟಿಕ್ಕು. ಹೊಳಪು ಬರಿಸುತ್ತೇವೆಂದು ಹೊಳಪನ್ನೇ ಬಟ್ಟೆಗೆ ಹತ್ತಿಸಿಕೊಂಡಂತಾಯಿತು.

ಇವುಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ವಿದ್ಯುತ್ ಕೆಲಸದವರ ಬಳಿಯಿರುವ ಮಲ್ಟಿಮೀಟರನ್ನು ತಂದು ಅದರ ಎರಡು ಮೊನೆಗಳನ್ನು ಹೊಳೆಯುವ ಭಾಗಕ್ಕೆ ತಾಗಿಸಬೇಕು. ನಮ್ಮ ಪರೀಕ್ಷೆಯಲ್ಲಿ ಬಾಗಿಲ ಹಿಡಿ ಕೂಡಲೇ ಸದ್ದು ಮಾಡಿತು, ಅದು ಲೋಹಲೇಪ. ಕಿಂಡಿಯ ಚೌಕಟ್ಟು ಮೌನವಾಗಿತ್ತು, ಮೆರುಗೆಣ್ಣೆ ಅವಾಹಕವಾದ್ದರಿಂದ. ಗೇರಿನ ಪಟ್ಟಿಯೂ ಮೌನ. ಆದರೆ ಅದರಲ್ಲಿ ಮುಖದ ಬಿಂಬವೇ ಮೂಡಲಿಲ್ಲ, ಬರಿಯ ಬಣ್ಣ. ಒಂದೇ ಕಾರಿನಲ್ಲಿ ಮೂರೂ ಇದ್ದುವು. ಇದನ್ನರಿಯದೆ ಮೂರಕ್ಕೂ ಒಂದೇ ಮದ್ದು ಹಚ್ಚುವುದು ಹೇಗೆ ಸರಿ?

ಇನ್ನು ಹಿಡಿಯಲ್ಲಿ ಸಿಬಿರೆದ್ದುದೇಕೆ? ನಮ್ಮ ಸೀಮೆಯ ಬೇಸಗೆಯನ್ನು ನೆನೆದರೆ ಉತ್ತರ ದೊರೆಯುತ್ತದೆ. ಹೊರಗೆ 40 ಡಿಗ್ರಿ ದಾಟಿದ ದಿನ ಬಿಸಿಲಿಗೆ ನಿಂತ ಮುಚ್ಚಿದ ಕಾರಿನೊಳಗಣ ಮೇಲ್ಮೈಗಳು 70 ಡಿಗ್ರಿಯ ಸುತ್ತ ಕಾಯುವುದು ಅಪರೂಪವಲ್ಲ. ಎ.ಬಿ.ಎಸ್. ಪ್ಲಾಸ್ಟಿಕ್ಕು ನಿಕ್ಕಲ್ಲಿಗಿಂತ ಸುಮಾರು ಆರು ಪಟ್ಟು ಹೆಚ್ಚು ಹಿಗ್ಗುತ್ತದೆ. ಅರ್ಧ ಮೀಟರಿನ ಪಟ್ಟಿಯೊಂದು 40 ಡಿಗ್ರಿಯಷ್ಟು ಹೆಚ್ಚು ಕಾದರೆ ಪ್ಲಾಸ್ಟಿಕ್ಕು ಒಂದೂವರೆ ಮಿಲಿಮೀಟರು ಬೆಳೆಯಬಯಸುತ್ತದೆ. ಮೇಲಿನ ನಿಕ್ಕಲ್ಲು ಕಾಲು ಮಿಲಿಮೀಟರು ಸಾಕೆನ್ನುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು, ನಡಿಗೆ ಬೇರೆ ಬೇರೆ. ಈ ಎಳೆದಾಟ ಹಗಲಿಗೊಮ್ಮೆ, ಇರುಳಿಗೊಮ್ಮೆ, ಹದಿನಾಲ್ಕು ವರ್ಷ ನಡೆದರೆ ಯಾವುದೋ ಒಂದು ಅಂಚಿನಲ್ಲಿ ಬೇರು ಕಿತ್ತು ಬರದೆ ಇರುವುದಿಲ್ಲ. ಅದಕ್ಕೆ ಬೆವರಿನ ಉಪ್ಪು ಸೇರಿಕೊಳ್ಳುತ್ತದೆ. ಕ್ರೋಮಿಯಮ್ಮಿನ ಸಣ್ಣ ಬಿರುಕುಗಳಲ್ಲಿ ಇಳಿದು ಅದು ನಿಕ್ಕಲ್ಲನ್ನು ತಿನ್ನುತ್ತದೆ. ಹೀಗೆ ಬಯಲಾದ ನಿಕ್ಕಲ್ಲು ಕೆಲವರ ಚರ್ಮಕ್ಕೆ ಒಗ್ಗದೆ ತುರಿಗಜ್ಜಿಯನ್ನು ತರುವುದೂ ಉಂಟು. ಧೂಳಿನ ಪಾಲನ್ನಂತೂ ಬಳ್ಳಾರಿಯವರಿಗೆ ಹೇಳಬೇಕಾದುದಿಲ್ಲ. ಒಡವೆ ಮತ್ತು ಮಸೂರಗಳಿಗೆ ಕೊನೆಯ ಮೆರುಗು ಕೊಡಲು ಬಳಸುವ ಕೆಂಪು ಪುಡಿ ಕಬ್ಬಿಣದ ಆಕ್ಸೈಡು. ನಮ್ಮ ಜಿಲ್ಲೆಯ ಅದಿರೂ ಅದೇ. ಒಣಬಟ್ಟೆಯಿಂದ ಕಾರಿನೊಳಗನ್ನು ಒರೆಸುವವನು ದಿನವೂ ಅರಿಯದೆ ಅರ ಹಾಕುತ್ತಿರುತ್ತಾನೆ.

ಇಂಥ ಹಿಡಿಯನ್ನು ಏನು ಮಾಡಬೇಕು? ಸವೆದುದನ್ನು ಮತ್ತೆ ಕ್ರೋಮು ಮಾಡುವ ಹಟವನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಇದು ಸೋಮಾರಿತನದ ಮಾತಲ್ಲ.

ಮನೆಯಲ್ಲಿಯೇ ಹಳೆಯ ಲೇಪವನ್ನು ತೆಗೆಯಲು ಕೆಲವು ತರುಣರು ಶೌಚಾಲಯ ತೊಳೆಯುವ ಆಮ್ಲದಲ್ಲಿ ಹಿಡಿಗಳನ್ನು ನೆನೆಹಾಕುತ್ತಾರೆ. ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮಿಯಮ್ಮನ್ನು ಕರಗಿಸುವುದು ನಿಜ. ಕೆಳಗಿನ ನಿಕ್ಕಲ್ಲು ಮಾತ್ರ ಜಗ್ಗದೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಲಾಭ ಇಷ್ಟಾದರೆ ಆಮ್ಲದ ಹೊಗೆ ಎದೆಗೆ, ಲೋಹದ ಲವಣಗಳು ಚರಂಡಿಗೆ. ಬಚ್ಚಲಿನಲ್ಲಿ ಬ್ಲೀಚಿಂಗ್ ಪುಡಿಯಿದ್ದು ಅದಕ್ಕೆ ಈ ಆಮ್ಲ ತಾಗಿದರೆ ಹೊರಡುವುದು ಕ್ಲೋರಿನ್ ಅನಿಲ. ಒಂದು ಹಿಡಿಯ ಅಂದಕ್ಕಾಗಿ ತೆರತಕ್ಕ ಬೆಲೆಯೇ ಇದು?

ಮತ್ತೆ ಲೋಹಲೇಪ ಮಾಡಿಸುವೆವೆಂದರೆ ಅಪಾಯ ನಮ್ಮ ಮನೆಯಿಂದ ಮತ್ತೊಬ್ಬರ ಮನೆಗೆ ಸಾಗುತ್ತದೆ, ಅಷ್ಟೆ. ಕುಳಿ ಕೊರೆಯುವ ಆಮ್ಲದಲ್ಲಿಯೂ ರೂಢಿಯ ಕ್ರೋಮಿಯಂ ತೊಟ್ಟಿಯಲ್ಲಿಯೂ ಇರುವುದು ಆರು ವೇಲೆನ್ಸಿಯ ಕ್ರೋಮಿಯಂ; ಕಾರಿನ ಮೇಲೆ ಕುಳಿತ ಲೋಹ ನಿರಪಾಯಿ, ತೊಟ್ಟಿಯಲ್ಲಿರುವ ಅದರ ಈ ರೂಪ ಮನುಷ್ಯರಿಗೆ ಕ್ಯಾನ್ಸರ್ ತರತಕ್ಕದ್ದೆಂದು ನಿರ್ಣಯವಾಗಿದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೋಹಲೇಪನದ ಅನೇಕ ಸಣ್ಣ ಘಟಕಗಳಿವೆ. ಅಲ್ಲಿಯ ಅಂತರ್ಜಲದಲ್ಲಿ ಈ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 0.05 ಮಿಲಿಗ್ರಾಂ ಕ್ರೋಮಿಯಂ. ಎಂದರೆ ಒಂದೇ ಒಂದು ಗ್ರಾಂ ಕ್ರೋಮಿಯಂ 20,000 ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಯುರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರಿನಿಂದ ಕ್ರೋಮಿಯಂ ಟ್ರೈಆಕ್ಸೈಡನ್ನು ವಿಶೇಷ ಅನುಮತಿಯಿಲ್ಲದೆ ಬಳಸುವಂತಿಲ್ಲ. ಮೂರು ವೇಲೆನ್ಸಿಯ ಕ್ರೋಮಿಯಮ್ಮಿನಿಂದ ಲೇಪಿಸುವ ವಿಧಾನವೂ ಇದೆ, ಅದು ಎಷ್ಟೋ ಮೇಲು. ಆದರೆ ತೊಟ್ಟಿಯಲ್ಲಿ ಯಾವುದಿದೆಯೆಂದು ಕೇಳಿ ತಿಳಿದು ಹಿಡಿ ಕೊಟ್ಟುಬರುವ ಗಿರಾಕಿ ಎಲ್ಲಿದ್ದಾನೆ? ಅಲ್ಲಿ ಕೈಯದ್ದಿ ನಿಲ್ಲುವ ಹುಡುಗನ ಮುಖವನ್ನಂತೂ ಅವನು ನೋಡುವುದೇ ಇಲ್ಲ.

ಹಳೆಯ ಕಾರನ್ನು ಮಾರುವಾಗ ಒಳಗು ಹೊಳೆಯುತ್ತಿದ್ದರೆ ನಾಲ್ಕು ಕಾಸು ಹೆಚ್ಚು ಬರುತ್ತದೆಂದು ಕೆಲವರು ವಾದಿಸಿಯಾರು. ಬರಬಹುದು. ಆದರೆ ಮುಪ್ಪಿನ ಬೆಲೆಯೆಂಬುದು ವಿಚಿತ್ರ. ಜೀನ್ಸಿಗೆ ಹೆಸರಾದ ನಮ್ಮ ಬಳ್ಳಾರಿಯ ಕಸುಬನ್ನೇ ನೋಡಿ: ಹೊಸ ಬಟ್ಟೆಯನ್ನು ಪ್ಯೂಮಿಸ್ ಕಲ್ಲಿನೊಡನೆ ತಿರುವಿ, ಬಣ್ಣ ಕೆಡಿಸಿ, ಸವೆದಂತೆ ಮಾಡುವುದು ಜೀನ್ಸಿನ ಉದ್ಯಮದಲ್ಲೊಂದು ಕಲೆ, ಆ ಸವೆತಕ್ಕೆ ಜನ ಹಣ ಕೊಡುತ್ತಾರೆ. ಆ ಜೀನ್ಸಿನ ಲೋಹದ ಗುಂಡಿ ತಾಗಿ ಸವೆದ ಕಾರಿನ ಪಟ್ಟಿಗೆ ಮಾತ್ರ ನಾಚುತ್ತಾರೆ! ಕ್ರೋಮಿನ ಹೊಳಪು ಕೂಡ ನಾವು ಎಣಿಸಿದಷ್ಟು ದೊಡ್ಡದಲ್ಲ. ಬಿದ್ದ ಬೆಳಕಿನಲ್ಲಿ ಬೆಳ್ಳಿ ನೂರಕ್ಕೆ ತೊಂಬತ್ತೈದು ಪಾಲನ್ನು, ಅಲ್ಯೂಮಿನಿಯಂ ತೊಂಬತ್ತು ಪಾಲನ್ನು ಹಿಂದಿರುಗಿಸಿದರೆ ಕ್ರೋಮಿಯಂ ಹಿಂದಿರುಗಿಸುವುದು ಅರವತ್ತರ ಮೇಲೆ ತುಸು. ಮಂಕಾಗದಿರುವುದು, ಗಡುಸಾಗಿರುವುದು ಇವೇ ಅದರ ಹೆಚ್ಚಳ. ಅಷ್ಟು ಬೆಳಕೂ ಮಧ್ಯಾಹ್ನದ ಬಿಸಿಲಿನಲ್ಲಿ ಚಾಲಕನ ಕಣ್ಣಿಗೆ ಹೊಡೆದಾಗ ಅದೇನೂ ಗುಣವಲ್ಲ.

ನಾವು ಮಾಡಿದುದು ಇಷ್ಟು. ಬಾಗಿಲ ಹಿಡಿಗಳನ್ನು ಬಿಚ್ಚಿ, ಎದ್ದು ನಿಂತ ಪೊರೆಯನ್ನೆಲ್ಲ ದಪ್ಪ ಕೈಗವಸು ತೊಟ್ಟು ಕಿತ್ತೆವು. ಅಂಟಿಕೊಂಡೇ ಇರುವುದನ್ನು ಕೆರೆಯಲು ಹೋಗಲಿಲ್ಲ. ಅದರ ಅಂಚನ್ನು ಮಾತ್ರ ನಯವಾದ ಮರಳುಕಾಗದದಿಂದ, ನೀರು ಹಚ್ಚಿಯೇ, ಬೆರಳಿಗೆ ತಡೆಯದಂತೆ ಸವರಿದೆವು. ನಿಕ್ಕಲ್ಲಿನ ಒಣಧೂಳನ್ನು ಉಸಿರಾಡಬಾರದೆಂದು ಮೂಗಿಗೆ ಮುಸುಕು. ಸಾಬೂನಿನ ನೀರಿನಿಂದ ತೊಳೆದು, ಒಣಗಿಸಿ, ಪ್ಲಾಸ್ಟಿಕ್ಕಿಗೆಂದೇ ಮಾರುವ ಪ್ರೈಮರನ್ನೂ ಅದರ ಮೇಲೆ ಹೊಳಪಿಲ್ಲದ ಕಪ್ಪು ಬಣ್ಣವನ್ನೂ ತೆಳುವಾಗಿ ಮೂರು ಸಲ ಹೊಡೆದೆವು. ಥಿನ್ನರಿನಿಂದ ಒರೆಸಲು ಮಾವನವರು ಹೊರಟಾಗ ತಡೆಯಬೇಕಾಯಿತು. ಥಿನ್ನರುಗಳಲ್ಲಿರುವ ಅಸಿಟೋನಿನಂಥ ದ್ರಾವಕಗಳು ಈ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಗೇರಿನ ಪಟ್ಟಿಗೆ ಬೂದುಬಣ್ಣ, ತಿಕ್ಕಿ ಕಪ್ಪಾದ ಕಿಂಡಿಯ ಚೌಕಟ್ಟಿಗೆ ಏನೂ ಇಲ್ಲ: ಉಳಿದ ಚೂರು ಹೊಳಪನ್ನೂ ಒರೆಸಿಬಿಟ್ಟ ಮೇಲೆ ಅದು ತಾನೇ ಕಪ್ಪಾಗಿ ಚೆನ್ನಾಗಿ ಕಂಡಿತು. ಚಾಲಕಚಕ್ರದ ನಡುವಿನ ಲಾಂಛನವನ್ನು ಮುಟ್ಟಲಿಲ್ಲ. ಅದರ ಹಿಂದೆ ಗಾಳಿಚೀಲವಿರುವ ಕಾರುಗಳಲ್ಲಿ ಅಲ್ಲಿ ಕೈಯಾಡಿಸುವುದು ಮನೆಯವರ ಕೆಲಸವಲ್ಲ.

ಕಾರು ತಯಾರಿಸುವವರಲ್ಲಿ ನಮ್ಮ ಕೋರಿಕೆ ಒಂದಿದೆ. ಕೈ ತಾಗುವ ಹಿಡಿಗಳನ್ನು ಬಣ್ಣ ಬೆರೆಸಿಯೇ ಎರಕ ಹೊಯ್ದ ಪ್ಲಾಸ್ಟಿಕ್ಕಿನಿಂದ ಮಾಡಲಿ. ಅದು ಎಷ್ಟು ಸವೆದರೂ ಒಳಗೆ ಅದೇ ಬಣ್ಣ. ಸಿಪ್ಪೆಯೇ ಇಲ್ಲದ ಮೇಲೆ ಸುಲಿಯುವುದೇನು? ಗಿಲೀಟೇ ಬೇಕೆಂದಾದರೆ ಕೈಯಾಡದೆಡೆ ಅದನ್ನು ಇಟ್ಟುಕೊಳ್ಳಲಿ. ಹಿಡಿ ಕೆಟ್ಟರೆ ಹಿಡಿಯೊಂದನ್ನೇ ಮಾರಲಿ. ಅದಕ್ಕಾಗಿ ಬಾಗಿಲಿನ ಒಳಹಲಗೆಯನ್ನೆಲ್ಲ ಕೊಳ್ಳಬೇಕೆಂಬ ಉತ್ತರವನ್ನು ನಾವು ವಿಚಾರಿಸಿದ ಒಂದು ಅಂಗಡಿಯಲ್ಲಿ ಕೇಳಬೇಕಾಯಿತು.

ಈಗ ಆ ಕಾರಿನ ಮೂರು ಬಾಗಿಲ ಹಿಡಿಗಳು ಕಪ್ಪು. ಮುಂದಿನ ಎಡಬಾಗಿಲಿನದು ಎಲ್ಲಿಯೂ ಪೊರೆಯೇಳದೆ ಇನ್ನೂ ಹೊಳೆಯುತ್ತಿದ್ದುದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇವೆ. ಒಂದಕ್ಕೊಂದು ಹೊಂದುವುದಿಲ್ಲವೆಂದು ಅತ್ತೆಯವರ ಆಕ್ಷೇಪಣೆ. ಮೊಮ್ಮಗಳು ಮಾತ್ರ ಹಿಂದಿನ ಬಾಗಿಲನ್ನು ತಾನೇ ತೆರೆದುಕೊಂಡು ಇಳಿಯುತ್ತಾಳೆ.