ನವಿಲಿಗೆ ಕೋವಿ ಬೇಡ, ಆದರೆ...

ನಮ್ಮ ತೋಡಾರಿನಲ್ಲಿ ಈಗ ಕೋಳಿ ಕೂಗುವ ಮೊದಲೇ ನವಿಲು ಕೂಗುತ್ತದೆ. ಪೇಟೆಯಿಂದ ಬಂದ ನೆಂಟರಿಗೆ ಭಾರೀ ಖುಷಿ, ಮೊಬೈಲ್ ಹಿಡಿದು ಗುಡ್ಡೆಗೆ ಓಡುತ್ತಾರೆ. ಬೈಲಿನಲ್ಲಿ ನೇಜಿ ಹಾಕಿದವನಿಗೆ ಮಾತ್ರ ಹೊಟ್ಟೆ ಉರಿ. "ಒಂದೆರಡನ್ನು ಹೊಡೆಯಲು ಬಿಟ್ಟರೆ ಉಳಿದವಕ್ಕೆ ಬುದ್ಧಿ ಬರುತ್ತದೆ ಮಾರಾಯ್ರೆ" ಎನ್ನುವ ಮಾತು ಈಗ ಗುಟ್ಟಿನದ್ದಲ್ಲ.

ಈ ವಾದ ಹೊಸತೂ ಅಲ್ಲ. 2016ರಲ್ಲಿ ಗೋವಾದ ಕೃಷಿ ಸಚಿವರು ನವಿಲನ್ನು ಉಪದ್ರವ ಕೊಡುವ ಪ್ರಾಣಿಗಳ ಪಟ್ಟಿಗೆ ಸೇರಿಸುವ ಮಾತಾಡಿದ್ದರು. ದೇಶವೆಲ್ಲ ಗದ್ದಲವಾಯಿತು, ವಿಷಯ ಅಲ್ಲಿಗೇ ತಣ್ಣಗಾಯಿತು. ಹಾಗೆಂದು ರೈತನ ದೂರು ಸುಳ್ಳಾಗಲಿಲ್ಲ. ಹಕ್ಕಿ ವೀಕ್ಷಕರ ಪಟ್ಟಿಗಳನ್ನೇ ಆಧರಿಸಿದ 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿಯೂ ನವಿಲು ಹೆಚ್ಚುತ್ತಿದೆ ಎಂದೇ ಹೇಳಿದೆ.

ಕಾನೂನು ಏನು ಹೇಳುತ್ತದೆ? ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ. ಕಾಡುಹಂದಿ ಬೆಳೆ ಹಾಳು ಮಾಡಿದರೆ ಅನುಮತಿ ಪಡೆದು ಹೊಡೆಯಲು ಕಾಯ್ದೆಯಲ್ಲೇ ದಾರಿ ಇದೆ. ನವಿಲಿಗೆ ಆ ದಾರಿಯೂ ಇಲ್ಲ.

ಅದನ್ನು ತೆರೆಯಬಾರದು ಎಂಬುದೇ ನನ್ನ ಅಭಿಪ್ರಾಯ. ಒಂದು ಕಾರಣ ಗರಿ. ತಾನಾಗಿ ಉದುರಿದ ಗರಿ ಎಂದು ದೇಶದೊಳಗೆ ಅದರ ಮಾರಾಟಕ್ಕೆ ವಿನಾಯಿತಿ ಇದೆ. ಬುಡ ಕತ್ತರಿಸಿ ಕಟ್ಟು ಕಟ್ಟಿದ ಮೇಲೆ ಉದುರಿದ್ದು ಯಾವುದು, ಕಿತ್ತದ್ದು ಯಾವುದು? ಹೊಡೆಯಲು ಬಿಟ್ಟರೆ ಬೆಳೆಯ ಹೆಸರಲ್ಲಿ ಗರಿಯ ಬೇಟೆ ಶುರುವಾಗುತ್ತದೆ.

ಎರಡನೆಯದು ನಮ್ಮದೇ ಬೈಲಿನ ಕತೆ. ಹಿಂದೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಗದ್ದೆಗಳಲ್ಲಿ ಎಷ್ಟೋ ಈಗ ಹಡಿಲು ಬಿದ್ದಿವೆ, ಇಲ್ಲವೇ ಅಡಿಕೆ ತೋಟವಾಗಿವೆ. ಹತ್ತು ಮನೆಯ ಗದ್ದೆಗೆ ಹಂಚಿಹೋಗುತ್ತಿದ್ದ ಹಕ್ಕಿ ಈಗ ಭತ್ತ ಬೆಳೆಯುವ ಒಬ್ಬನ ಗದ್ದೆಗೇ ಇಳಿಯುತ್ತದೆ. ಹಡಿಲು ಗದ್ದೆಯ ಪೊದೆ ಅದಕ್ಕೆ ಅಡಗುವ ಮನೆ. ಎರಡು ನವಿಲು ಹೊಡೆದರೆ ಇದು ಸರಿಹೋದೀತೇ?

ಆದರೆ "ರಾಷ್ಟ್ರಪಕ್ಷಿ, ಮುಟ್ಟಬೇಡಿ" ಎಂದು ಹೇಳಿ ಕೈತೊಳೆದುಕೊಳ್ಳುವವರ ಜೊತೆಗೂ ನಾನಿಲ್ಲ. ದಾರಿ ಕಾಣದವನ ಕೈಗೆ ಸಿಗುವುದು ಗೊಬ್ಬರದಂಗಡಿಯ ವಿಷ. ಕೋವಿಯ ಸದ್ದಾದರೂ ಊರಿಗೆ ಕೇಳುತ್ತದೆ, ವಿಷಕ್ಕೆ ಸದ್ದಿಲ್ಲ. ಅದು ನವಿಲನ್ನಷ್ಟೇ ಅಲ್ಲ, ಕೆಂಬೂತವನ್ನೂ ಮನೆಯ ನಾಯಿಯನ್ನೂ ಕೊಲ್ಲುತ್ತದೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲೂ ಇದೇ ಜಗಳ. ಒಂದು ಕಾಲದಲ್ಲಿ ಬೆರಳೆಣಿಕೆಗೆ ಇಳಿದಿದ್ದ ಸ್ಯಾಂಡ್‌ಹಿಲ್ ಕೊಕ್ಕರೆ ಮತ್ತೆ ಹೆಚ್ಚಿ, ಮೊಳೆತ ಜೋಳದ ಬೀಜ ಕಿತ್ತು ತಿನ್ನುತ್ತದೆ. ಬೇಟೆಗೆ ಬಿಡಿ ಎನ್ನುವವರು ಅಲ್ಲೂ ಇದ್ದಾರೆ. ಆದರೆ ಹಕ್ಕಿ ಸಾಯದೆ, ಬಾಯಿಗೆ ಹಿಡಿಸದೆ ಬಿಟ್ಟುಹೋಗುವಂಥ ಲೇಪ ಹಚ್ಚಿದ ಬೀಜ ಬಿತ್ತುವ ರೈತರೂ ಇದ್ದಾರೆ. ಬೇಟೆಯಾದರೋ ಶರತ್ಕಾಲದಲ್ಲಿ, ಬೀಜ ಹೋಗುವುದು ವಸಂತದಲ್ಲಿ!

ನಮ್ಮ ಭತ್ತಕ್ಕೆ ಅಂಥದ್ದೇನು ಆದೀತು ಎಂದು ಕೃಷಿ ವಿಶ್ವವಿದ್ಯಾಲಯದವರು ನೋಡಲಿ. ಅಲ್ಲಿಯವರೆಗೆ ಹಕ್ಕಿ ತಿಂದ ಬೆಳೆಯನ್ನು ತಿಂದ ವಾರದಲ್ಲೇ ಬಂದು ನೋಡಿ, ಮುಂದಿನ ಬಿತ್ತನೆಗೆ ಮೊದಲು ದುಡ್ಡು ಕೊಡಲಿ. ನವಿಲು ಇಡೀ ದೇಶದ್ದಾದರೆ ಅದರ ಊಟದ ಖರ್ಚು ಬೈಲಿನ ಒಬ್ಬನೇ ಕೊಡಬೇಕೇ?

ನಿಮ್ಮೂರಲ್ಲಿ ಹೇಗೆ? ಗದ್ದೆ ಇರುವವರು ಬರೆಯಿರಿ. ಗದ್ದೆ ಇಲ್ಲದವರೂ ಬರೆಯಿರಿ, ಅನ್ನ ಉಣ್ಣುವವರು ತಾನೇ.