ಬಡತನಕ್ಕೂ ಒಂದು ಲೆಡ್ಜರ್ ಇರುತ್ತೆ

(1/6)
ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ಯಾವ್ದೇ ರೀಲ್ ಬರ್ಲಿ, ಕೆಳಗೆ ಒಂದು ಕಾಮೆಂಟ್ ಗ್ಯಾರಂಟಿ: "ಸರ್ಕಾರ ಅಷ್ಟು ದುಡ್ಡು ಸುರಿಯುತ್ತೆ, ಆದ್ರೂ ಇವ್ರು ಉದ್ಧಾರ ಆಗಲ್ಲ." ನೀವೂ ಲೈಕ್ ಒತ್ತಿದ್ರಾ? ಬನ್ನಿ, ಬಿಕಾಂನವರ ಥರ ಲೆಕ್ಕ ನೋಡೋಣ. ಸ್ವೈಪ್ ಮಾಡಿ.

(2/6) ಸಂಬಳ
ಕ್ವೀನ್ಸ್‌ಲ್ಯಾಂಡ್‌ನಲ್ಲಿ 1897ರಲ್ಲಿ ಒಂದು ಕಾನೂನು ಬಂತು. ಹೆಸರಿಗೆ 'ರಕ್ಷಣೆ'. ಆ ವ್ಯವಸ್ಥೆಯಲ್ಲಿ ಅಬೊರಿಜಿನಲ್ ಅಪ್ಪ ದನದ ಫಾರಂನಲ್ಲಿ, ಅಮ್ಮ ಬಿಳಿಯರ ಮನೇಲಿ ದುಡಿದ್ರೆ ಸಂಬಳ ಸರ್ಕಾರ ನೋಡ್ಕೊಳ್ಳೋ ಖಾತೆಗೆ ಹೋಗ್ತಿತ್ತು. ತಮ್ಮದೇ ದುಡ್ಡು ತೆಗೆಯೋಕೆ ಅಧಿಕಾರಿಯ ಒಪ್ಪಿಗೆ ಬೇಕು. ಎಷ್ಟೋ ಜನಕ್ಕೆ ಪೂರ್ತಿ ದುಡ್ಡು ಸಿಗಲೇ ಇಲ್ಲ. ಕೋರ್ಟಿಗೆ ಹೋದ ಮೇಲೆ, 2019ರಲ್ಲಿ, ರಾಜ್ಯ ಸರ್ಕಾರ 19 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡೋಕೆ ಒಪ್ತು. ಅಷ್ಟರಲ್ಲಿ ದುಡಿದವರಲ್ಲಿ ಬಹಳ ಜನ ತೀರಿಹೋಗಿದ್ರು. ಹೇಳಿ, ಇದನ್ನ ದಾನದ ಖಾತೆಗೆ ಬರೀತೀರಾ, ಸಾಲದ ಖಾತೆಗೆ ಬರೀತೀರಾ?

(3/6) ಮಕ್ಕಳು
ಪಶ್ಚಿಮ ಆಸ್ಟ್ರೇಲಿಯಾದ 1905ರ ಕಾನೂನಿನಲ್ಲಿ ಅಬೊರಿಜಿನಲ್ ಮಗುವಿಗೆ 16 ವರ್ಷ ಆಗೋವರೆಗೂ ಗಾರ್ಡಿಯನ್ ಒಬ್ಬ ಸರ್ಕಾರಿ ಅಧಿಕಾರಿ. ಹೆತ್ತವರಿದ್ರೂ ಅಷ್ಟೇ. 1997ರ 'ಬ್ರಿಂಗಿಂಗ್ ದೆಮ್ ಹೋಮ್' ವರದಿ ಪ್ರಕಾರ, 1910ರಿಂದ 1970ರವರೆಗೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಕ್ಕಳನ್ನ ಮನೆಯಿಂದ ಬಲವಂತವಾಗಿ ಕಿತ್ಕೊಂಡು ಹೋಗಲಾಗಿತ್ತು. ಎಷ್ಟೋ ಕಡೆ ಮನೆಯ ಬಡತನವನ್ನೇ 'ಮಗುವಿನ ನಿರ್ಲಕ್ಷ್ಯ' ಅಂತ ಬರ್ಕೊಂಡ್ರು. ಮೊದಲು ಸಂಬಳ ಕಿತ್ಕೋ, ಆಮೇಲೆ ಖಾಲಿ ಡಬ್ಬ ತೋರಿಸಿ ಮಗು ಕಿತ್ಕೋ!

(4/6) ಈಜುಕೊಳ
ದುಡ್ಡಿದ್ರೆ ಸಾಕಾ? ಮೊರೀ ಅನ್ನೋ ಊರಿನ ಪುರಸಭೆ ಈಜುಕೊಳಕ್ಕೆ ಅಬೊರಿಜಿನಲ್ ಜನರನ್ನ ಬಿಡ್ತಾನೇ ಇರಲಿಲ್ಲ. 1965ರಲ್ಲಿ ಚಾರ್ಲ್ಸ್ ಪರ್ಕಿನ್ಸ್ ಮತ್ತು ಸಿಡ್ನಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಸ್ಸಲ್ಲಿ ಹೋಗಿ, ಅಲ್ಲಿನ ಮಕ್ಕಳನ್ನ ಕರ್ಕೊಂಡು ಗೇಟಿನ ಮುಂದೆ ನಿಂತ್ರು. ಊರವರು ಮೊಟ್ಟೆ, ಟೊಮೆಟೊ ಎಸೆದ್ರು. ಒಂದು ಮಗು ನೀರಿಗಿಳಿಯೋಕೆ ಇಷ್ಟೆಲ್ಲ ಬೇಕಾಯ್ತು.

(5/6) "ಅದೆಲ್ಲ ಹಳೇ ಕಥೆ ಬಿಡಿ"
ಹಳೇದಾ? 1970ರಲ್ಲಿ ಐದು ವರ್ಷ ಇದ್ದ ಮಗು ಈಗ ನಮ್ಮ ವಯಸ್ಸಿನವರ ಅಜ್ಜಿ. ನಮ್ಮಲ್ಲಿ ಎಷ್ಟು ಜನರ ಫೀಸು ಅಜ್ಜಿಯ ಬಳೆ ಅಡವಿಟ್ಟು ಕಟ್ಟಿದ್ದು? ತಾತ ಕಟ್ಟಿಸಿದ ಮನೆಯಲ್ಲಿ ಬಾಡಿಗೆ ಇಲ್ಲದೆ ಇದ್ದೀವಿ ತಾನೆ? ಅದೇ ನಮ್ಮ ಓಪನಿಂಗ್ ಬ್ಯಾಲೆನ್ಸ್. ಅವರ ಪುಟದಲ್ಲಿ ಆ ಸಾಲನ್ನೇ ಅಳಿಸಿದ್ದಾರೆ. 2008ರಲ್ಲಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ರು, ಸರಿ. ಆದ್ರೆ 2023ರಲ್ಲಿ, ಸಂಸತ್ತಿಗೆ ಸಲಹೆ ಕೊಡೋ ಒಂದು ಮೂಲನಿವಾಸಿ ಮಂಡಳಿಯನ್ನ ಸಂವಿಧಾನಕ್ಕೆ ಸೇರಿಸೋಣ್ವಾ ಅಂದ್ರೆ ಶೇ. 60ರಷ್ಟು ಮತದಾರರು ಬೇಡ ಅಂದ್ರು. ಸಲಹೆ ಕೊಡೋಕೂ ಬೇಡ!

(6/6)
ಮಾಸ್ಟರ್ಸ್‌ಗೆ ಮೆಲ್ಬರ್ನ್, ಸಿಡ್ನಿ ಅಂತ ಕನಸು ಕಾಣೋರು ನಮ್ಮ ಬೆಂಚಲ್ಲೇ ಇದ್ದಾರೆ. ಅಲ್ಲಿ ಯಾರಾದ್ರೂ ಚರ್ಮ ನೋಡಿ ನಮ್ಮನ್ನ ಅಳೆದ್ರೆ ಉರಿಯುತ್ತೆ. ಹಾಗಾದ್ರೆ ಆ ನೆಲದ ಮಕ್ಕಳನ್ನ ಇಲ್ಲಿ ಕೂತು 'ಸೋಮಾರಿಗಳು' ಅನ್ನೋ ಹಕ್ಕು ನಮಗೆ ಕೊಟ್ಟೋರ್ಯಾರು? ಹೋಗೋರು ಹೋಗಿ, ಚೆನ್ನಾಗಿ ಓದಿ. ಆದ್ರೆ ಯಾರ ನೆಲದ ಮೇಲೆ ಇಳೀತಿದ್ದೀವಿ ಅಂತ ತಿಳ್ಕೊಂಡು ಹೋಗಿ. ಒಪ್ಪಲ್ವಾ? ಕಾಮೆಂಟಲ್ಲಿ ಬನ್ನಿ, ಲೆಕ್ಕ ಸಮೇತ ಬನ್ನಿ.