ರೊಕ್ಕ ತಂತಿಗೂ ಹಾಕ್ರಿ

ಕರೆಂಟಿನಾಗ ಖಾಸಗಿಯವರು ರೊಕ್ಕ ಹಾಕಬೇಕೋ ಬ್ಯಾಡೋ ಅಂತ ನಮ್ಮ ಕಟ್ಟಿ ಮ್ಯಾಲ ಇನ್ನೂ ವಾದ ನಡದದ. ಹಾಕಿ ವರ್ಷಗಳೇ ಆದವು. ಅಫಜಲಪುರ ತಾಲ್ಲೂಕಿನ ಹಾವಳಗಾದಾಗ ರೇಣುಕಾ ಶುಗರ್ಸ್ ಕಾರ್ಖಾನೆ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ತಯಾರಿಸ್ತದ. ಇಂಥ ಕಾರ್ಖಾನೆಗಳು ತಮಗೆ ಬೇಕಾದಷ್ಟು ಬಳಸಿ ಉಳಿದದ್ದನ್ನ ಗ್ರಿಡ್‌ಗೆ ಮಾರ್ತಾವ. ಸಿಪ್ಪೆ ನಮ್ಮ ಹೊಲದ್ದು, ಆದ್ರ ಹಳ್ಳಿ ಗಿರಣಿಯವ ಮಾತ್ರ ಥ್ರೀ ಫೇಸ್ ಬರೂ ದಾರಿ ಕಾಯ್ತಾನ.

ಅಂದ್ರ ರೊಕ್ಕ ಬಂದದ್ದು ಕರೆಂಟ್ ಹುಟ್ಟೋ ಕಡೆ. ಕೆಡೋದು ಮುಟ್ಟೋ ಕಡೆ: 11 ಕೆ.ವಿ. ತಂತಿ, ವಾಲಿದ ಕಂಬ, ಲೋಡ್ ತಾಳಲಾರದ ಟಿ.ಸಿ. ಅಲ್ಲಿ ಲಾಭ ಎಣಿಸೋದು ಕಷ್ಟ, ಅದಕ್ಕ ಯಾರೂ ಬರೂದಿಲ್ಲ.

ಆಳಂದ, ಜೇವರ್ಗಿ ತೊಗರಿ ಸೀಮೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿ.ಐ. ಟ್ಯಾಗ್ ಸಿಕ್ಕಿತು. ಹೆಸರು ಬೇಳೆಗೆ ಬಂತು, ನಾವು ಮಾರೋದು ಇನ್ನೂ ಕಾಳೇ. ಊರಾಗೇ 10 ಎಚ್.ಪಿ.ಯ ಸಣ್ಣ ಮಿಲ್ ನಡದ್ರ ಬೇಳೆ, ನುಚ್ಚು, ಹೊಟ್ಟು ಮೂರೂ ಊರಿಗೇ ಉಳೀತಾವ. (ಹೊಟ್ಟಿನ ಬೆಲೆ ಎಮ್ಮಿ ಕಟ್ಟಿದವರನ್ನ ಕೇಳ್ರಿ.) ಆದ್ರ ನಡುವೆ ಒಂದು ಫೇಸ್ ಹಾರಿದ್ರ ಮೋಟಾರ್ ಸುಡತದ. ನಮ್ಮ ಊರಿನ ಒಬ್ಬರು ಎರಡು ಸಲ ವೈಂಡಿಂಗ್ ಮಾಡಿಸಿ, ಬ್ಯಾಸತ್ತು ಡೀಸೆಲ್ ಜನರೇಟರ್ ತಂದಾರ. ಡೀಸೆಲ್ ಖರ್ಚು ಬೇಳಿ ಲಾಭ ತಿಂತದ.

ಕೇಂದ್ರ ಸರ್ಕಾರದ 2022ರ ನಿಯಮ 100 ಕಿಲೋವ್ಯಾಟ್ ಲೋಡ್ ಇದ್ದವರಿಗೆ ಸೋಲಾರ್, ಗಾಳಿ ಕರೆಂಟನ್ನ ಉತ್ಪಾದಕರಿಂದ ನೇರ ಖರೀದಿಸೋ ಅವಕಾಶ ಕೊಟ್ಟಿತ್ತು. 100 ಕಿಲೋವ್ಯಾಟ್ ಅಂದ್ರ 134 ಎಚ್.ಪಿ. ಹಳ್ಳಿ ಮಿಲ್ ಎಲ್ಲಿ, ಇದೆಲ್ಲಿ! ಮತ್ತ ಖರೀದಿಸಿದ್ರೂ ಬರೋದು ಅದೇ ತಂತಿ ಮ್ಯಾಲ.

ಅದಕ್ಕ ನನಗ ಕುಸುಮ್-ಸಿ ದಾರಿ ಮನಸ್ಸಿಗೆ ಹಿಡಿಸ್ಯದ. ಖಾಸಗಿಯವರು ಸಬ್‌ಸ್ಟೇಷನ್ ಬಗಲಿಗೇ ಸೋಲಾರ್ ಹಾಕಿ ಪಂಪ್‌ಸೆಟ್ ಫೀಡರಿಗೆ ಹಗಲು ಕರೆಂಟ್ ಕೊಡೂದು. ಆದ್ರ ಅದೂ ಯುನಿಟ್ ಲೆಕ್ಕದ ವ್ಯವಹಾರ. ನಮ್ಮ ಬಿಸಿಲಿಗೆ ಬರೋರಿಗೆ ಫೀಡರ್ ರಿಪೇರಿ ಜವಾಬ್ದಾರಿನೂ ಕಟ್ಟಬೇಕು. ರೊಕ್ಕದ ಒಂದು ಪಾಲು ಗಿರಣಿ ಮುಂದಿನ ಕಂಬದಾಗ ಮೂರೂ ಫೇಸ್ ನಿಂತ ತಾಸು ಎಣಿಸಿ ಕೊಡಬೇಕು. ತಂತಿ ಮಾತ್ರ ಜೆಸ್ಕಾಂ ಹೆಸರಿನಾಗೇ ಇರಲಿ. ಖಾಸಗಿ ಅಂದ ಕೂಡಲೇ ಪಂಪ್‌ಸೆಟ್ಟಿನ ಪುಕ್ಕಟೆ ಕರೆಂಟ್ ಹೋದೀತು ಅಂತ ಹಿರೇರು ಅಂಜತಾರ, ಆ ಅಂಜಿಕೆ ಸುಳ್ಳೇನಲ್ಲ.

ವಿದ್ಯುತ್ ದರದ ಬಹಿರಂಗ ವಿಚಾರಣೆಗೆ ಕೆಇಆರ್‌ಸಿ ಕಲಬುರಗಿಗೆ ಬಂದಾಗ ನಾವು ಪಂಪ್‌ಸೆಟ್ ಮಾತೊಂದೇ ಆಡಿ ಬರ್ತೀವಿ. ಈ ಸಲ ಮಿಲ್ಲಿನವರನ್ನೂ, ಖಾರದ ಗಿರಣಿ ಅಕ್ಕಂದಿರನ್ನೂ ಜೋಡಿ ಕರಕೊಂಡು ಹೋಗೂಣು. ಬರೋರು ಕಾಮೆಂಟಿನಾಗ ಊರ ಹೆಸರು ಹಾಕ್ರಿ.